ಚೊಗರಿನ ಕೆಂಪು, ಕಬ್ಬಿಣದ ಕಪ್ಪು: ಬಟ್ಟೆಯ ಮೇಲೊಂದು ಚಿತ್ತಾರ

ಶಿರಸಿ, ಸಿದ್ದಾಪುರ, ಸಾಗರದ ಕಡೆಯ ದೀವರು ಸಮುದಾಯದ ಮನೆಗಳಲ್ಲಿ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ನೋಡಿದವರಿಗೆ ಅದರ ಬಣ್ಣಗಳು ಗೊತ್ತು. ಕೆಮ್ಮಣ್ಣಿನ ಕೆಂಪು, ಅಕ್ಕಿ ಅರೆದ ಬಿಳಿ, ಅಕ್ಕಿಯನ್ನೇ ಕರಿಯಾಗುವಂತೆ ಹುರಿದು ತೆಗೆದ ಕಪ್ಪು, ಗುರಿಗೆ ಕಾಯಿಯ ಹಳದಿ. ಹಳೆಯ ಚಿತ್ತಾರ ಈ ನಾಲ್ಕರಲ್ಲೇ ಮುಗಿಯುತ್ತದೆ. ಪುಂಡಿ ನಾರಿನ ಕುಂಚದಲ್ಲಿ ಎಳೆದ ಗೆರೆಗಳು ಎಷ್ಟು ನೆಟ್ಟಗಿರುತ್ತವೆ ಅಂದರೆ, ಅವು ಸೂಜಿಯಲ್ಲಿ ಹೊಲಿಯಲಿಕ್ಕೇ ಹುಟ್ಟಿದವು ಅಂತ ನನಗೆ ಯಾವಾಗಲೂ ಅನಿಸುತ್ತಿತ್ತು.

ಈ ಸಲ ಅಡಿಕೆ ಸುಗ್ಗಿಯ ಹೊತ್ತಿಗೆ ಆ ಕೆಲಸ ಕೈಗೆತ್ತಿಕೊಂಡೆ. ನಾಲ್ಕು ಬಣ್ಣವನ್ನೂ ಮನೆ, ತೋಟ, ಪೇಟೆಯ ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ವಸ್ತುಗಳಿಂದಲೇ ಮಾಡಿ, ಗೋಡೆಗೆ ನೇತುಹಾಕುವ ಒಂದು ಕಸೂತಿ ಬಟ್ಟೆ ತಯಾರಿಸುವುದು ನನ್ನ ಯೋಜನೆ. ಅಂಗಡಿಯಲ್ಲಿ ನೂರಾರು ಬಣ್ಣದ ನೂಲು ಸಿಗುವಾಗ ಇದೆಲ್ಲ ಯಾಕೆ ಅಂತ ಮನೆಯಲ್ಲೇ ಕೇಳಿದರು. ಅಂಗಡಿ ನೂಲಿನ ಕೆಂಪು ಚೆನ್ನಾಗಿಯೇ ಇರುತ್ತದೆ. ಆದರೆ ಅದು ಕೆಮ್ಮಣ್ಣಿನ ಕೆಂಪಲ್ಲ. ನಮ್ಮ ತೋಟದಲ್ಲಿ ಆ ಕೆಂಪು ಹಂಡೆಗಟ್ಟಲೆ ಸಿಗುತ್ತದೆ, ಅದೇ ಚೊಗರು.

ಮಣ್ಣಿನ ಬಣ್ಣ ಗೋಡೆಯ ಮೇಲೆ ಕೂರುತ್ತದೆ. ಬಟ್ಟೆಗೆ ಅಷ್ಟು ಸಾಲದು, ಬಣ್ಣ ಎಳೆಯ ಒಳಗೆ ಇಳಿಯಬೇಕು. ಹಾಗಾಗಿ ಚಿತ್ತಾರದ ಕೆಮ್ಮಣ್ಣು, ಗುರಿಗೆಗಳನ್ನು ಹಾಗೇ ತಂದು ಬಳಸಲು ಆಗುವುದಿಲ್ಲ. ಅದೇ ಬಣ್ಣ ಕೊಡುವ ಬೇರೆ ದಾರಿ ಹುಡುಕಬೇಕು.

ಬಟ್ಟೆ, ನೂಲು ತಯಾರಿ

ಬಿಳುಪು ಮಾಡದ ಖಾದಿ ತೆಗೆದುಕೊಂಡೆ. ಎಳೆ ಕಣ್ಣಿಗೆ ಕಾಣುವಂತೆ ಸ್ವಲ್ಪ ಬಿಡಿಯಾದ ನೇಯ್ಗೆ ಇದ್ದರೆ ಒಳ್ಳೆಯದು, ಎಣಿಸಿ ಹೊಲಿಯಬಹುದು. ಚಿತ್ತಾರದ ಅಳತೆ ಎರಡಡಿ ಉದ್ದ, ಒಂದೂವರೆ ಅಡಿ ಅಗಲ. ಸುತ್ತಲೂ ಮೂರು ಇಂಚು ಜಾಸ್ತಿ ಬಿಟ್ಟೆ. ಬೇಯಿಸಿದರೆ ಖಾದಿ ಕುಗ್ಗುತ್ತದೆ, ಈ ಮೂರು ಇಂಚಿನಲ್ಲಿ ಜಿಪುಣತನ ಬೇಡ.

ನೂಲಿಗೆ ಆರೆಳೆಯ ಬಿಳಿ ಕಸೂತಿ ನೂಲಿನ ಲಡಿಗಳು. ಒಂದು ಲಡಿಯಲ್ಲಿ 8 ಮೀಟರ್ ಇರುತ್ತದೆ. ಈ ಹೊಳಪಿನ ನೂಲನ್ನು ಕಾರ್ಖಾನೆಯಲ್ಲೇ ಕಾಸ್ಟಿಕ್ ಸೋಡಾದಲ್ಲಿ ಹದ ಮಾಡಿರುತ್ತಾರೆ. ಅದರಿಂದ ಹತ್ತಿಯ ಎಳೆ ಉಬ್ಬಿ ದುಂಡಗಾಗುತ್ತದೆ, ಸಾದಾ ದಾರಕ್ಕಿಂತ ಜಾಸ್ತಿ ಬಣ್ಣ ಕುಡಿಯುತ್ತದೆ.

ಲಡಿಯನ್ನು ಇದ್ದ ಹಾಗೇ ಬಣ್ಣಕ್ಕೆ ಹಾಕಬೇಡಿ. ಪೂರ್ತಿ ಬಿಚ್ಚಿ, ಕುರ್ಚಿಯ ಬೆನ್ನಿಗೆ ಸುತ್ತಿ ದೊಡ್ಡ ಉಂಗುರ ಮಾಡಿ. ನಾಲ್ಕು ಕಡೆ ಬೇರೆ ದಾರದಿಂದ ಎಂಟರ ಆಕಾರದಲ್ಲಿ ಕಟ್ಟಿ. ಕಟ್ಟು ಸಡಿಲ ಇರಬೇಕು. ಬಿಗಿಯಾದರೆ ಕಟ್ಟಿನ ಅಡಿಯಲ್ಲಿ ಬಣ್ಣ ಹೋಗದೆ ಬಿಳಿ ಕಲೆ ಉಳಿಯುತ್ತದೆ, ಕಟ್ಟದೇ ಬಿಟ್ಟರೆ ಇಡೀ ಲಡಿ ಬಿಡಿಸಲಾಗದ ಗಂಟಾಗುತ್ತದೆ.

ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಹತ್ತಿಯದ್ದೇ ಮೇಣವೂ ಇರುತ್ತದೆ. ಎರಡೂ ಬಣ್ಣವನ್ನು ಹೊರಗೆ ತಳ್ಳುತ್ತವೆ. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಬಟ್ಟೆ ಮುಳುಗುವಷ್ಟು ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿದೆ. ಬೆಳ್ಳಗೆ ಕಂಡ ಬಟ್ಟೆಯಿಂದ ಚಹಾ ಬಣ್ಣದ ನೀರು ಬಿಟ್ಟಿತು. ತೊಳೆದು ಒಣಗಿಸಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಮೇಲೆ ನಿಲ್ಲದೆ ತಕ್ಷಣ ಹೀರಿಕೊಂಡರೆ ಬಟ್ಟೆ ತಯಾರು. ನಿಂತರೆ ಇನ್ನೊಮ್ಮೆ ಕುದಿಸಬೇಕು.

ಒಂದು ಎಚ್ಚರಿಕೆ. ಬಣ್ಣದ ಪಾತ್ರೆ ಬೇರೆ, ಅಡುಗೆ ಪಾತ್ರೆ ಬೇರೆ. ಸ್ಟೀಲ್ ಆದರೆ ಸಾಕು. ಕಬ್ಬಿಣದ ಬಾಣಲೆ ಇಡೀ ಬಣ್ಣವನ್ನು ಕಪ್ಪಿಗೆ ಎಳೆಯುತ್ತದೆ, ಅಲ್ಯೂಮಿನಿಯಂ ಕೂಡ ಬಣ್ಣ ಬದಲಿಸುತ್ತದೆ.

ಚೊಗರು

ಅಡಿಕೆ ಊರಿನವರಲ್ಲದವರಿಗೆ ಸ್ವಲ್ಪ ವಿವರಿಸುತ್ತೇನೆ. ನಮ್ಮಲ್ಲಿ ಕೆಂಪಡಿಕೆಗೆ ಹಸಿ ಅಡಿಕೆಯನ್ನೇ ಕೊಯ್ದು, ಸುಲಿದು, ಹಂಡೆಯಲ್ಲಿ ಬೇಯಿಸಿ ಒಣಗಿಸುತ್ತಾರೆ. ಒಂದು ಸಲ ಬೇಯಿಸಿದ ನೀರನ್ನು ಚೆಲ್ಲುವುದಿಲ್ಲ. ಅದೇ ನೀರಿಗೆ ಮತ್ತೆ ಮತ್ತೆ ಹೊಸ ಅಡಿಕೆ ಬೀಳುತ್ತದೆ. ಅಡಿಕೆಯ ಒಗರೆಲ್ಲ ಇಳಿದು ನೀರು ಗಟ್ಟಿಯಾಗುತ್ತಾ, ಕೆಂಪಾಗುತ್ತಾ ಹೋಗುತ್ತದೆ. ಸುಗ್ಗಿ ಮುಗಿಯುವ ಹೊತ್ತಿಗೆ ಹಂಡೆಯಲ್ಲಿ ಉಳಿಯುವ ಗಾಢ ಕೆಂಗಂದು ದ್ರವವೇ ಚೊಗರು. ಬೆಂದ ಅಡಿಕೆಗೆ ಬಣ್ಣ, ಹೊಳಪು ಬರಲೆಂದು ಇದನ್ನೇ ಹಚ್ಚುತ್ತಾರೆ. ಬಟ್ಟೆಗೂ ಇದು ಹೊಸದಲ್ಲ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ‘ಚರಕ’ದಲ್ಲಿ ಕೈಮಗ್ಗದ ಬಟ್ಟೆಗೆ ಚೊಗರಿನ ಬಣ್ಣ ಕೊಡುತ್ತಾ ಬಂದಿದ್ದಾರೆ.

ಚೊಗರಿನ ದೊಡ್ಡ ಗುಣ ಅಂದರೆ, ಹತ್ತಿಗೆ ಹಿಡಿಯಲು ಅದಕ್ಕೆ ಬೇರೆಯವರ ಸಹಾಯ ಬೇಡ. ಹತ್ತಿ ಸಾಮಾನ್ಯವಾಗಿ ಗಿಡದ ಬಣ್ಣಗಳನ್ನು ಅಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಆದರೆ ಒಗರಿನ ಅಂಶ, ಅಂದರೆ ಟ್ಯಾನಿನ್, ಹತ್ತಿಗೆ ತಾನಾಗಿ ಅಂಟಿಕೊಳ್ಳುತ್ತದೆ. ಬಾಳೆಕಾಯಿ ಸೊನೆ ಬಿಳಿ ಅಂಗಿಗೆ ಬಿದ್ದರೆ ಜನ್ಮದಲ್ಲಿ ಹೋಗದ ಕಲೆ ಆಗುತ್ತದೆ, ಅಲ್ವಾ? ಅಲ್ಲೂ ಒಗರಿನದ್ದೇ ಕೈವಾಡ. ಇಲ್ಲಿ ಆ ಕಲೆಯನ್ನೇ ನಾವು ಬೇಕೆಂದು, ಒಂದೇ ಸಮನಾಗಿ ಮಾಡುತ್ತೇವೆ.

ಚೊಗರನ್ನು ಹಳೇ ಪಂಚೆಯಲ್ಲಿ ಸೋಸಿ, ಗಟ್ಟಿ ಡಿಕಾಕ್ಷನ್ ಹದಕ್ಕೆ ನೀರು ಬೆರೆಸಿದೆ. ಒದ್ದೆ ಮಾಡಿ ಹಿಂಡಿದ ಬಟ್ಟೆಯನ್ನು ಅದಕ್ಕೆ ಬಿಟ್ಟು ಸಣ್ಣ ಉರಿಯಲ್ಲಿ ಒಂದು ಗಂಟೆ ಇಡಬೇಕು. ಆವಿ ಏಳಬೇಕು, ಕೊತಕೊತ ಕುದಿಯಬಾರದು. ಮಧ್ಯೆ ಮಧ್ಯೆ ಕೋಲಿನಲ್ಲಿ ತಿರುವುತ್ತಿರಬೇಕು, ಇಲ್ಲದಿದ್ದರೆ ಮಡಿಕೆ ಬಿದ್ದ ಕಡೆ ಪಟ್ಟೆ ಬರುತ್ತದೆ. ಆಮೇಲೆ ಉರಿ ಆರಿಸಿ ರಾತ್ರಿ ಅದರಲ್ಲೇ ಬಿಟ್ಟೆ. ಬೆಳಿಗ್ಗೆ ಹಿಂಡಿ ನೆರಳಲ್ಲಿ ಒಣಗಿಸಿದಾಗ ಸಿಕ್ಕಿದ್ದು ನಸುಗೆಂಪು ಮಿಶ್ರಿತ ಕಂದು. ಚೆಂದದ ಬಣ್ಣ, ಆದರೆ ಗೋಡೆಯ ಕೆಂಪು ಇನ್ನೂ ದೂರ.

ಆ ದೂರವನ್ನು ದಾಟಿಸುವುದು ಸುಣ್ಣ. ಎಲೆ ಅಡಿಕೆಗೆ ಹಾಕುವ ಸುಣ್ಣವನ್ನೇ ಒಂದು ಚಮಚ ತೆಗೆದು ಎರಡು ಲೀಟರ್ ನೀರಿಗೆ ಕಲಸಿಟ್ಟೆ. ಬೆಳ್ಳಗಿನ ಗಷ್ಟು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಬೇಕು. ಗಷ್ಟು ಬಂದರೆ ಬಟ್ಟೆ ಮೇಲೆ ಬಿಳಿ ಪುಡಿ ಕೂರುತ್ತದೆ. ಕೈಗೆ ಗ್ಲೌಸ್ ಇರಲಿ, ಸುಣ್ಣದ ನೀರು ಚರ್ಮವನ್ನು ಸುಡುತ್ತದೆ.

ಈ ಹಂತ ನೋಡಲಿಕ್ಕೇ ಈ ಕೆಲಸ ಮಾಡಬೇಕು. ಕಂದು ಬಟ್ಟೆಯ ಒಂದು ತುದಿ ತಿಳಿನೀರಿಗೆ ತಾಗಿದ ಕೂಡಲೇ ಅಲ್ಲಿ ಬಣ್ಣ ತಿರುಗುತ್ತದೆ. ಒದ್ದೆ ಮೇಲೇರಿದ ಹಾಗೆ ಕೆಂಪೂ ಏರುತ್ತದೆ, ಗೆರೆ ಎಳೆದಂತೆ. ತಿಳಿಯಾಗಿದ್ದ ನೀರು ಕೂಡ ನಸುಗೆಂಪಾಗುತ್ತದೆ. ಕವಳ (ಎಲೆ ಅಡಿಕೆ) ಹಾಕಿದವರ ಬಾಯಿ ಕೆಂಪಾಗುವುದಕ್ಕೂ ಇದೇ ಕಾರಣ. ಅಡಿಕೆಯ ಒಗರು ಸುಣ್ಣದ ಕ್ಷಾರಕ್ಕೆ ಸಿಕ್ಕಿದರೆ ಕೆಂಪಾಗುತ್ತದೆ. ಐದು ನಿಮಿಷ ಆಡಿಸಿ ತೆಗೆದು, ಹಿಂಡದೆ ಗಾಳಿಗೆ ಹರವಿದೆ. ಗಾಳಿಯಲ್ಲಿ ಆರುತ್ತಾ ಬಣ್ಣ ಇನ್ನೂ ಗಾಢವಾಗುತ್ತದೆ. ಒಣಗಿದ ಮೇಲೆ ಮತ್ತೆ ಚೊಗರು, ಮತ್ತೆ ಸುಣ್ಣ. ಗಟ್ಟಿ ಬಣ್ಣ ಒಂದೇ ಸಲಕ್ಕೆ ತರಲು ಹೋಗಬಾರದು. ತೆಳುವಾಗಿ ಪದರದ ಮೇಲೆ ಪದರ ಕೊಟ್ಟ ಬಣ್ಣವೇ ಸಮನಾಗಿ ಕೂರುವುದು, ತೊಳೆದರೂ ಉಳಿಯುವುದು. ಕಡೆಗೆ ನೀರು ಬಣ್ಣ ಬಿಡುವುದು ನಿಲ್ಲುವ ತನಕ ಜಾಲಿಸಬೇಕು.

ಹತ್ತಿ ಸುಣ್ಣವನ್ನು ತಡೆಯುತ್ತದೆ. ರೇಷ್ಮೆ, ಉಣ್ಣೆ ತಡೆಯುವುದಿಲ್ಲ. ಹಳೇ ರೇಷ್ಮೆ ಸೀರೆ ತುಂಡಿನಲ್ಲಿ ಈ ಪ್ರಯೋಗ ಬೇಡ.

ಕಪ್ಪು

ನೆಲ್ಲಿಕಾಯಿಯನ್ನು ಕಬ್ಬಿಣದ ಬಾಣಲೆಯಲ್ಲಿ ಕಾಯಿಸಿ ತಲೆಗೆ ಹಚ್ಚುವ ಎಣ್ಣೆ ಯಾಕೆ ಕಪ್ಪು? ಒಗರು, ಕಬ್ಬಿಣ ಸೇರಿದರೆ ಕಪ್ಪು, ಅಷ್ಟೇ. ನಮಗೆ ಒಗರು ಚೊಗರಿನಲ್ಲೇ ಇದೆ, ಕಬ್ಬಿಣದ ನೀರೊಂದು ಬೇಕು.

ಕಲಂಕಾರಿ ಮಾಡುವವರು ಕಬ್ಬಿಣದ ಚೂರು, ಬೆಲ್ಲ, ನೀರು ಹುದುಗಿಸಿ ಕಪ್ಪು ತಯಾರಿಸುತ್ತಾರೆ. ನಾನೂ ಅದನ್ನೇ ಮಾಡಿದೆ, ಗಟ್ಟಿ ಬೆಲ್ಲದ ಬದಲು ನಮ್ಮ ಕಡೆಯ ನೀರು ನೀರಾದ ಜೋನಿಬೆಲ್ಲ. ತುಕ್ಕು ಹಿಡಿದ ಮೊಳೆ, ಮುರಿದ ಬಿಜಾಗರಿ, ಹಳೇ ಕುಡುಗೋಲಿನ ಚೂರು, ಎಲ್ಲ ಒಂದು ಮಣ್ಣಿನ ಮಡಕೆಗೆ ಹಾಕಿ, ಒಂದು ಲೋಟ ಜೋನಿಬೆಲ್ಲ ಕಲಸಿದ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಕೊಟ್ಟಿಗೆ ಮೂಲೆಯಲ್ಲಿಟ್ಟೆ. ಮುಚ್ಚಳ ಬಿಗಿ ಮಾಡಬಾರದು, ಹುಳಿಯುವಾಗ ಗಾಳಿ ಹೊರಬರಬೇಕು. ಎರಡು ಮೂರು ವಾರದಲ್ಲಿ ನೊರೆ ಬಂದು, ಹುಳಿ ವಾಸನೆ ಹೊಡೆದು, ನೀರು ಮಂಕು ಕಂದಾಗುತ್ತದೆ. ಸೋಸಿ ಬಾಟಲಿಗೆ ತುಂಬಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಮಕ್ಕಳ ಕೈಗೆ ಸಿಗದಂತೆ ಇಡಿ.

ನೂಲಿನ ಲಡಿಯನ್ನು ಗಟ್ಟಿ ಚೊಗರಿನಲ್ಲಿ ಎರಡು ಸಲ ಅದ್ದಿ ಒಣಗಿಸಿ, ಆಮೇಲೆ ಈ ಕಬ್ಬಿಣದ ನೀರಿಗೆ ಬಿಟ್ಟೆ. ಮೊದಲು ಬೂದಿ ಬಣ್ಣ, ಆಮೇಲೆ ಮೋಡದ ಬಣ್ಣ, ಗಾಳಿಗೆ ಹಿಡಿದಾಗ ಕಪ್ಪು. ಹತ್ತು ನಿಮಿಷಕ್ಕಿಂತ ಜಾಸ್ತಿ ಇಡಬಾರದು. ಕಬ್ಬಿಣದ ಅಂಶ ಜಾಸ್ತಿಯಾದರೆ ವರ್ಷಗಳು ಹೋದ ಹಾಗೆ ನೂಲು ಲಡ್ಡಾಗಿ ತುಂಡಾಗುತ್ತದೆ. ಇನ್ನೂ ಕಪ್ಪು ಬೇಕಿದ್ದರೆ ತೊಳೆದು ಮತ್ತೆ ಚೊಗರಿಗೆ ಹಾಕಿ, ಮತ್ತೆ ಸ್ವಲ್ಪ ಹೊತ್ತು ಕಬ್ಬಿಣಕ್ಕೆ ಬಿಡಿ. ಇದು ಮಸಿ ಕಪ್ಪಲ್ಲ. ಬಿಸಿಲಲ್ಲಿ ಹಿಡಿದರೆ ಒಳಗೊಂದು ಕಂದು ಕಾಣುವ ಕಪ್ಪು. ಕೆಂಪು ನೆಲದ ಮೇಲೆ ಅದು ಎಷ್ಟು ಹೊಂದಿಕೊಳ್ಳುತ್ತದೆ ಅಂದರೆ, ಅಂಗಡಿಯ ಕಪ್ಪು ನೂಲನ್ನು ಪಕ್ಕದಲ್ಲಿ ಇಟ್ಟು ನೋಡಿದಾಗ ಅದು ಅಂಟಿಸಿದ ಹಾಗೆ ಕಂಡಿತು.

ಕಬ್ಬಿಣ ಮುಟ್ಟಿದ ಕೈಯಲ್ಲಿ ಬೇರೆ ಲಡಿ ಮುಟ್ಟಬೇಡಿ. ಒಂದು ಹನಿ ಬಿದ್ದರೂ ಕೆಂಪು ಬಟ್ಟೆಯಲ್ಲಿ ಕಪ್ಪು ಚುಕ್ಕೆ, ಹಳದಿಯಲ್ಲಿ ಪಾಚಿ ಬಣ್ಣದ ಕಲೆ.

ಹಳದಿ

ಅರಿಶಿನ ಅಲ್ಲ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಯಾಕೆಂದರೆ ಮನೆಯಲ್ಲಿ ಬಣ್ಣ ಮಾಡುವವರೆಲ್ಲ ಮೊದಲು ಕೈ ಹಾಕುವುದು ಅರಿಶಿನದ ಡಬ್ಬಕ್ಕೆ. ಅದು ಹತ್ತಿಗೆ ಚೆನ್ನಾಗಿ ಹಿಡಿಯುತ್ತದೆ, ಬೆಳಗುವ ಹಳದಿ ಬರುತ್ತದೆ. ಆದರೆ ಬಿಸಿಲಿಗೆ ಮಂಕಾಗಿ ಹೋಗುತ್ತದೆ, ಸೋಪು ತಾಗಿದರೆ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ. ಮುರುಗಲು (ಕೋಕಂ), ಬೀಟ್‌ರೂಟ್ ಕೂಡ ಹಾಗೇ, ಪಾತ್ರೆಯಲ್ಲಿ ಕಾಣುವ ಚೆಂದ ಬಟ್ಟೆಯಲ್ಲಿ ಉಳಿಯುವುದಿಲ್ಲ. ವಾರಗಟ್ಟಲೆ ಕೂತು ಹೊಲಿದ ಕೆಲಸ ಮುಂದಿನ ಮಳೆಗಾಲಕ್ಕೆ ಮಾಸಬಾರದು.

ಚೆಂಡುಹೂ ನಂಬಿಕಸ್ಥ. ದೀಪಾವಳಿಗೆ ದನಗಳಿಗೆ ಕಟ್ಟಿದ ಮಾಲೆ, ಬಾಗಿಲಿನ ತೋರಣ, ಎಲ್ಲದರಿಂದ ಕಿತ್ತಳೆ ಬಣ್ಣದ ಹೂ ಬಿಡಿಸಿ ನೆರಳಲ್ಲಿ ಒಣಗಿಸಿಟ್ಟಿದ್ದೆ. ಆದರೆ ಇದು ಚೊಗರಿನ ಹಾಗೆ ತಾನಾಗಿ ಹಿಡಿಯುವುದಿಲ್ಲ. ಮೊದಲು ಒಂದು ಒಗರು, ಆಮೇಲೆ ಪಟಿಕ, ಆಮೇಲೆ ಹೂ. ಒಗರಿಗೆ ಚೊಗರು ಹಾಕಿದರೆ ಹಳದಿ ಕಂದಾಗಿ ಕೆಡುತ್ತದೆ. ಹಾಗಾಗಿ ಗ್ರಂಥಿಗೆ ಅಂಗಡಿಯಿಂದ ಅಳಲೆಕಾಯಿ ತಂದು ಕುಟ್ಟಿ ನೆನೆಸಿದೆ. ಅದರದ್ದು ತಿಳಿ ಬೆಣ್ಣೆ ಬಣ್ಣ, ಹಳದಿಯ ದಾರಿಗೆ ಅಡ್ಡ ಬರುವುದಿಲ್ಲ. ಅದರಲ್ಲಿ ರಾತ್ರಿ ನೆನೆದ ನೂಲನ್ನು ಹಿಂಡಿ, ಪಟಿಕದ ಬಿಸಿ ನೀರಿಗೆ ಹಾಕಬೇಕು. ನೂಲಿನ ಒಣ ತೂಕ 100 ಗ್ರಾಂ ಇದ್ದರೆ ಪಟಿಕ 15 ಗ್ರಾಂ ಸಾಕು. ಕೊನೆಗೆ ಹೂವಿನ ಕಷಾಯದಲ್ಲಿ ಒಂದು ಗಂಟೆ. ಇಲ್ಲಿ ಕುದಿ ಬಂದರೆ ಹಳದಿಯ ಬೆಳಕು ಹೋಗುತ್ತದೆ, ಉರಿ ಸಣ್ಣದಿರಲಿ. ಪಟಿಕ ಮಾಡುವ ಕೆಲಸ ಇಷ್ಟೇ: ಒಂದು ಕೈಯಲ್ಲಿ ನೂಲಿನ ಒಗರನ್ನು, ಇನ್ನೊಂದು ಕೈಯಲ್ಲಿ ಹೂವಿನ ಬಣ್ಣವನ್ನು ಹಿಡಿದುಕೊಳ್ಳುವುದು.

ಬಿಳಿಗೆ ಏನೂ ಮಾಡಲಿಲ್ಲ. ಬಣ್ಣ ಹಾಕದ ನೂಲು ಹಾಗೇ.

ಹೊಲಿಯುವ ಮೊದಲು ಎಲ್ಲ ಬಣ್ಣದ ತುಂಡು ನೂಲನ್ನು ಪರೀಕ್ಷೆ ಮಾಡಿದೆ. ಅರ್ಧ ನೂಲು ದಪ್ಪ ಪುಸ್ತಕದ ಒಳಗೆ, ಅರ್ಧ ಹೊರಗೆ, ದಕ್ಷಿಣದ ಕಿಟಕಿಯಲ್ಲಿ. ಇನ್ನೊಂದು ತುಂಡನ್ನು ಅಂಟುವಾಳದ ನೀರಲ್ಲಿ ತೊಳೆದು, ಒದ್ದೆ ಬಿಳಿ ಬಟ್ಟೆ ಮೇಲೆ ಉಜ್ಜಿದೆ. ಕೆಂಪು ಬಿಸಿಲಿಗೆ ತುಸು ಗಾಢವೇ ಆಯಿತು. ಕಪ್ಪು ಮೊದಲ ಉಜ್ಜಿಗೆ ಬೂದಿ ಬಿಟ್ಟಿತು, ಇನ್ನಷ್ಟು ತೊಳೆದ ಮೇಲೆ ನಿಂತಿತು. ಹಳದಿ ಒಂದು ಮೆಟ್ಟಿಲು ಇಳಿಯಿತು, ಅಷ್ಟು ಪರವಾಗಿಲ್ಲ.

ಗೆರೆ

ಕೆಳಗಿನ ಮನೆಯ ಅಕ್ಕ ಚಿತ್ತಾರ ಬರೆಯುವವರು. ಬಟ್ಟೆ ತೋರಿಸಿದೆ. ಕೈಯಿಂದ ಸವರಿ ನೋಡಿ, “ಬಣ್ಣ ಬಂತು ತಂಗಿ, ಎಳೆ ಎಲ್ಲಿ?” ಅಂದರು. ಚಿತ್ತಾರಕ್ಕೆ ಎಳೆಯೇ, ಅಂದರೆ ಗೆರೆಯೇ ಜೀವ. ಒಂದೆಳೆ, ಎರಡೆಳೆ ಅಂತ ಎಣಿಸಿಕೊಂಡು ಚೌಕಟ್ಟು ಕಟ್ಟುತ್ತಾರೆ, ಆಮೇಲೆ ಒಳಗಿನ ತುಂಬು.

ನೆಟ್ಟನೆ ಗೆರೆಗೆ ಅವರು ಮಾಡುವ ಉಪಾಯವನ್ನೇ ನನಗೂ ಹೇಳಿಕೊಟ್ಟರು. ಬಣ್ಣದಲ್ಲಿ ಅದ್ದಿದ ದಾರವನ್ನು ಎರಡು ಕಡೆ ಬಿಗಿಯಾಗಿ ಹಿಡಿದು ಗೋಡೆಗೆ ಒತ್ತುವುದು. ಬಟ್ಟೆಗೆ ಬಣ್ಣದ ಬದಲು ಒಣ ಅಕ್ಕಿ ಹಿಟ್ಟು ಹಚ್ಚಿದೆವು. ಅಕ್ಕ ಒಂದು ತುದಿ, ನಾನು ಒಂದು ತುದಿ. ದಾರ ಎಳೆದು ಬಿಟ್ಟರೆ ಕೆಂಪಿನ ಮೇಲೆ ಕೂದಲೆಳೆಯಷ್ಟು ಬಿಳಿ ಗೆರೆ. ಸೀಮೆಸುಣ್ಣ ಬಳಸಲಿಲ್ಲ, ಚೊಗರಿನ ಬಣ್ಣಕ್ಕೆ ಸುಣ್ಣದ ಜಾತಿಯ ಯಾವುದನ್ನೂ ಸುಮ್ನೆ ತಾಗಿಸುವುದು ಬೇಡ. ಹಿಟ್ಟು ಬೇಗ ಉದುರುತ್ತದೆ. ಹಾಗಾಗಿ ಗೆರೆ ಬಿದ್ದ ಕೂಡಲೇ ಸಾದಾ ದಾರದಲ್ಲಿ ಉದ್ದುದ್ದ ಟಾಕಾ ಹಾಕಿಟ್ಟುಕೊಂಡೆ. ಕೊನೆಗೆ ಅದನ್ನು ಎಳೆದು ತೆಗೆಯಬಹುದು.

ಬಟ್ಟೆ ಬಿಗಿಯುವ ಚೌಕಟ್ಟಿಗೆ ಅಡಿಕೆ ಮರದ ದಬ್ಬೆ. ನಾಲ್ಕು ದಬ್ಬೆ ಸೀಳಿಸಿ, ಸಿಬಿರು ಹೋಗುವ ತನಕ ಮರಳು ಕಾಗದದಲ್ಲಿ ಉಜ್ಜಿ, ಮೂಲೆಗೆ ಹಗ್ಗ ಬಿಗಿದೆ. ಬಟ್ಟೆಯ ಅಂಚನ್ನು ದಬ್ಬಣದಲ್ಲಿ ಸುತ್ತಲೂ ದಾರದಿಂದ ಎಳೆದು ಕಟ್ಟಿದರೆ ತಮಟೆಯಷ್ಟು ಬಿಗಿ. ದುಂಡಗಿನ ರಿಂಗ್ ಹಾಕಿದರೆ ಬಣ್ಣದ ಬಟ್ಟೆ ಮೇಲೆ ಉಂಗುರದ ಗುರುತು ಬೀಳುತ್ತದೆ, ದೊಡ್ಡ ಕೆಲಸಕ್ಕೆ ಚೌಕದ ಚೌಕಟ್ಟೇ ಸರಿ.

ಹೊಲಿಗೆಗೆ ಧಾರವಾಡದ ಕಡೆಯ ಕಸೂತಿಯಿಂದ ಗವಂತಿ ಆರಿಸಿಕೊಂಡೆ. ಹೋಗುವಾಗ ಒಂದು ಟಾಕಾ ಮೇಲೆ, ಒಂದು ಕೆಳಗೆ. ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬುವುದು. ಎರಡೂ ಬದಿ ಒಂದೇ ಥರ ಕಾಣುತ್ತದೆ, ಗಂಟು ಇಲ್ಲ. ಗೆರೆ ನೆಟ್ಟಗೆ ಬರಲು ಒಂದು ಗುಟ್ಟಿದೆ. ವಾಪಸು ಬರುವಾಗ ಸೂಜಿಯನ್ನು ಹಳೇ ಟಾಕಾ ಇರುವ ತೂತಿನಲ್ಲೇ ಹಾಕಬೇಕು. ಪ್ರತಿ ಸಲ ಆ ಟಾಕಾದ ಮೇಲ್ಬದಿಯಿಂದ ಇಳಿದು ಕೆಳಬದಿಯಿಂದ ಏಳಬೇಕು. ಇದು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆದರೆ ಗೆರೆ ಹಲ್ಲು ಹಲ್ಲಾಗುತ್ತದೆ. ಮೊಂಡು ತುದಿಯ 24 ನಂಬರಿನ ಸೂಜಿ ಬಳಸಿದರೆ ನೂಲನ್ನು ಚುಚ್ಚಿ ಸೀಳುವುದಿಲ್ಲ.

ಮೂರೆಳೆ ಬಿಳಿ ಹೊರಗಿನ ಚೌಕಟ್ಟಿಗೆ, ಎರಡೆಳೆ ಒಳಗಿನ ಜಾಲರಿಗೆ. ಬಿಳಿ ಗೆರೆಗಳ ಮಧ್ಯೆ ಸಣ್ಣ ಚೌಕಗಳಿಗೆ ಕಪ್ಪು, ಹಳದಿ ತುಂಬು. ನಡುವೆ ದಂಡಿಗೆ, ಅಂದರೆ ಪಲ್ಲಕ್ಕಿ, ಅದರೊಳಗೆ ಮದುಮಕ್ಕಳು, ತ್ರಿಕೋನದ ಮೈ, ಕಡ್ಡಿ ಕೈಕಾಲು. ಹಳದಿಯನ್ನು ಕಡಿಮೆ ಬಳಸಿದೆ. ಇಡೀ ಬಟ್ಟೆಯಲ್ಲಿ ಹಳದಿ ಇರುವುದು ದಂಡಿಗೆಯ ಸುತ್ತ ಮತ್ತು ನಾಲ್ಕು ಮೂಲೆಯಲ್ಲಿ ಮಾತ್ರ, ಆದರೆ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ನಾಲ್ಕೇ ಬಣ್ಣ ಇರುವಾಗ ಯಾವುದು ಎಷ್ಟು ಅನ್ನುವುದೇ ಕೆಲಸ.

ಹಿಂಬದಿಗೆ ಮೆತ್ತಗಾದ ಹಳೇ ಹತ್ತಿ ಸೀರೆ ಇಟ್ಟೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಕೌದಿ ಹೊಲಿಯುವಾಗ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಮಧ್ಯಕ್ಕೆ ಬರುತ್ತಾರೆ. ನಾನೂ ಅದೇ ಕ್ರಮದಲ್ಲಿ, ಚೊಗರಿನ ಕೆಂಪು ನೂಲಲ್ಲಿ, ಬಿಳಿ ಗೆರೆಗಳ ಸಂದಿನಲ್ಲಿ ಸಣ್ಣ ಓಟದ ಹೊಲಿಗೆ ಹಾಕಿದೆ. ಮುಂದಿನಿಂದ ಹೊಲಿಗೆ ಕಾಣುವುದಿಲ್ಲ, ಬಟ್ಟೆಗೆ ತೂಕ ಬಂತು. ಕೆಳಗಿನ ಅಂಚಿನಲ್ಲಿ ಅಡ್ಡ ಎಳೆಗಳನ್ನು ಎಳೆದು ತೆಗೆದು, ಉಳಿದ ಉದ್ದ ಎಳೆಗಳನ್ನು ಗುಚ್ಛ ಮಾಡಿ ಹಳದಿ ನೂಲಿನಲ್ಲಿ ಕಟ್ಟಿದೆ.

ಶಿರಸಿಯ ಮಳೆಗೆ ಬಟ್ಟೆ ಬೂಸಲು ಹಿಡಿಯುವುದೇ ದೊಡ್ಡ ಚಿಂತೆ. ಗಾಜಿನ ಫ್ರೇಮ್ ಹಾಕಲಿಲ್ಲ, ಒಳಗೆ ತೇವ ಸಿಕ್ಕಿಕೊಳ್ಳುತ್ತದೆ. ಮೇಲಿನ ದಬ್ಬೆಯ ಎರಡು ತುದಿಗೆ ಬೆಂಡಿನ ತುಂಡು ಕಟ್ಟಿ ಗೋಡೆಯಿಂದ ಬೆರಳಷ್ಟು ದೂರ ನಿಲ್ಲಿಸಿದ್ದೇನೆ, ಹಿಂದೆ ಗಾಳಿಯಾಡುತ್ತದೆ. ಗಂಜಿ ಹಾಕಿ ಇಸ್ತ್ರಿ ಮಾಡಬಾರದು, ಬೆಳ್ಳಿಹುಳಕ್ಕೆ ಗಂಜಿ ಇಷ್ಟ. ತೊಳೆಯಲೇಬೇಕಾದರೆ ಅಂಟುವಾಳ ಮಾತ್ರ. ನಿಂಬೆ, ಹುಣಸೆ ಹುಳಿ ತಾಗಿದರೆ ಕೆಂಪು ಮತ್ತೆ ಕಂದಿಗೆ ಇಳಿಯುತ್ತದೆ.

ಉಳಿದ ಚೊಗರು ಕ್ಯಾನಿನಲ್ಲಿದೆ. ಮೇಲೆ ಬೂಸಲಿನ ಕೆನೆ ಕಟ್ಟಿದರೆ ತೆಗೆದು, ಸೋಸಿ, ಒಮ್ಮೆ ಕುದಿಸಿದರೆ ಮತ್ತೆ ಬಳಸಬಹುದು. ಮುಂದಿನದ್ದು ಭೂಮಣ್ಣಿ ಬುಟ್ಟಿಯ ಚಿತ್ತಾರ, ಭೂಮಿ ಹುಣ್ಣಿಮೆಗೆ ಬುಟ್ಟಿ ಮೇಲೆ ಬರೆಯುವುದು. ಅದಕ್ಕೆ ಹಳದಿ ಜಾಸ್ತಿ ಬೇಕಾಗುತ್ತದೆ. ಮಳೆ ಶುರುವಾದ ಕೂಡಲೇ ಅಂಗಳದಂಚಿಗೆ ಚೆಂಡುಹೂವಿನ ಬೀಜ ಹಾಕಬೇಕು. ಕಿತ್ತಳೆ ಬಣ್ಣದ ಹೂ ಬಿಡುವ ಬೀಜವನ್ನು ಅಕ್ಕ ಈಗಲೇ ಕಟ್ಟಿಟ್ಟಿದ್ದಾರೆ.